ಮಾತೆತ್ತದ ಇಪ್ಪತ್ತೆರಡು ವರ್ಷ

ಭಾನುಪ್ರಿಯಾ ಮೊದಲ ಸಲ ನನ್ನ ಮನೆಗೆ ಬಂದಾಗ ಮನೆಗೆಲಸ ಕೇಳಿಕೊಂಡು ಬಂದಿದ್ದಾಳೆ ಅಂತಲೇ ತಿಳಿದಿದ್ದೆ. ಮರಳೂರಿನ ನಮ್ಮ ಬೀದಿಯ ಕೊನೆಯಲ್ಲಿ ಒಂದು ಅಂಗನವಾಡಿ ಇದೆ, ಅಲ್ಲಿ ಸಹಾಯಕಿ ಅವಳು. ಮಕ್ಕಳ ಮೂಗು ಒರೆಸುವುದು, ಅನ್ನ ಸಾರು ಮಾಡುವುದು, ನೆಲ ಸಾರಿಸುವುದು ಎಲ್ಲ ಅವಳದೇ. ಹತ್ತನೇ ಕ್ಲಾಸಿನಲ್ಲಿದ್ದ ಅವಳ ಮಗಳು ಭೂಮಿಕಾ ನನ್ನ ಸಂಜೆಯ ಟ್ಯೂಷನ್ನಿಗೆ ಬರುತ್ತಿದ್ದುದರಿಂದ ಮುಖಪರಿಚಯ ಇತ್ತು, ಅಷ್ಟೆ. ಆವತ್ತು ಗೇಟಿನ ಹತ್ತಿರ ಒಳಗೂ ಬಾರದೆ ಹೊರಗೂ ಹೋಗದೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ನನಗೆ ಇಂಥದ್ದು ಕಂಡರೆ ಆಗುವುದಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರಾದವಳು ನಾನು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಬಿಟ್ಟು ಹೇಳಮ್ಮ, ಏನು ಬೇಕು ಅಂದೆ. ಅವಳು ಒಳಗೆ ಬಂದು, ಬಾಗಿಲು ಹಾಕಲಾ ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಹಾಕಿಬಿಟ್ಟಳು.

"ನಾನು ಎಸ್ಸೆಸ್ಸೆಲ್ಸಿ ಫೇಲು ಮಿಸ್. ಇಂಗ್ಲಿಷ್ ಒಂದೇ ಹೋಗಿರೋದು. ನಮ್ಮನೆಯವ್ರಿಗೆ ಗೊತ್ತಿಲ್ಲ."

ಅದರಲ್ಲೇನು ಮಹಾ, ಅರ್ಧ ತುಮಕೂರು ಇಂಗ್ಲಿಷಿನಲ್ಲೇ ಫೇಲಾಗಿರುವುದು ಅಂತ ನಾನು ನಗುವುದಕ್ಕೆ ಹೊರಟೆ. ಅವಳ ಕೈ ನೋಡಿದ ಮೇಲೆ ನಗು ಬರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಬಿಗಿದು ಬಿಗಿದು ದಾರ ಕಿತ್ತುಬಂದಿತ್ತು. ಕೂರಿಸಿ ನೀರು ಕೊಟ್ಟೆ. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು.

ಅವಳ ತವರು ಅಮೃತೂರಿನ ಪಕ್ಕ. ತಂದೆ ಚೌಡಪ್ಪನವರಿಗೆ ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ. ಹುಡುಗಿಯನ್ನು ಸ್ಕೂಲಿಗೆ ಸೇರಿಸಿದ್ದೇ ತಡವಾಗಿ, ಎಸ್ಸೆಸ್ಸೆಲ್ಸಿ ಬರೆಯುವಾಗ ಅವಳಿಗೆ ಹದಿನೆಂಟು. ಪರೀಕ್ಷೆ ಮುಗಿದ ವಾರಕ್ಕೇ ಗುಬ್ಬಿ ಕಡೆಯಿಂದ ಸಂಬಂಧ ಬಂತು. ಹುಡುಗ ಗಂಗಾಧರ್ ಐಟಿಐ ಮಾಡಿದ್ದ. ಹುಡುಗನ ತಾಯಿ ಕೇಳಿದ್ದು ಒಂದೇ: ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ನಾಳೆ ಮಕ್ಕಳಿಗೆ ಹೇಳಿಕೊಡೋದಕ್ಕೆ ಬೇಕು. ಚೌಡಪ್ಪನವರು ಆಗುತ್ತಾಳೆ ಅನ್ನುವ ಬದಲು ಆಗಿದ್ದಾಳೆ ಅಂದುಬಿಟ್ಟರು. ಮದುವೆ ಮೇ ತಿಂಗಳಿಗೆ ನಿಂತಿತು. ರಿಸಲ್ಟು ಬಂದಿದ್ದು ಚಪ್ಪರ ಹಾಕಿದ ದಿನ. ಅಪ್ಪ ಸೈಕಲ್ಲಿನಲ್ಲಿ ಹೋಗಿ ಸ್ಕೂಲಿನ ಬೋರ್ಡು ನೋಡಿಕೊಂಡು ಬಂದರು. ಇಂಗ್ಲಿಷಿನಲ್ಲಿ ಇಪ್ಪತ್ತೊಂಬತ್ತು. ಆರು ಮಾರ್ಕ್ಸು ಕಡಿಮೆ. ನೆಂಟರೆಲ್ಲ ಚಪ್ಪರದ ಕೆಳಗೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಅಪ್ಪ ಮಗಳನ್ನು ಹುಲ್ಲಿನ ಮೆದೆಯ ಹಿಂದಕ್ಕೆ ಕರೆದು ವಿಷಯ ಹೇಳಿ, ಇನ್ನೊಂದು ಮಾತು ಸೇರಿಸಿದರು.

"ಆ ಮಾತು ಎತ್ತಬ್ಯಾಡ ಕಣವ್ವ. ಚಪ್ಪರ ಹಾಕಿದ್ ದಿನ ಕೆಟ್ಟದ್ದು ಆಡ್ಬಾರ್ದು."

ಚಪ್ಪರ ಬಿಚ್ಚಿದ ಮೇಲೂ ಎತ್ತಲಿಲ್ಲ. ಮೊದಲ ತಿಂಗಳು ಹೊಸ ಸೊಸೆ, ಹೇಗೆ ಎತ್ತುವುದು? ಐದಾರು ವರ್ಷ ಕಾದ ಮೇಲೆ ಬಸಿರು. ಆಮೇಲೆ ಬಾಣಂತನ. ಅತ್ತೆ ಬೀದಿಯಲ್ಲಿ ಯಾರದೇ ಕಾಗದ ಬಂದರೂ ನಮ್ಮ ಸೊಸೆ ಓದುತ್ತಾಳೆ, ಎಸ್ಸೆಸ್ಸೆಲ್ಸಿ ಅಂತ ಕರೆಯುತ್ತಿದ್ದರು. ಆ ಅತ್ತೆಯೂ ಹೋಗಿ ಎಂಟು ವರ್ಷವಾಯಿತು. ಗಂಗಾಧರ್ ಈಗ ಬಿದರೆಹಳ್ಳಿ ಕಾವಲಿನ ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟರ ಕೈಕೆಳಗೆ ವೈರಿಂಗ್ ಮಾಡುತ್ತಾನೆ. ದಿನಾ ತುಮಕೂರಿನಿಂದ ಹೋಗಿ ಬರುತ್ತಾನೆ. ಕುಡಿಯುವುದಿಲ್ಲ, ಇಸ್ಪೀಟಿಲ್ಲ. ಹೆಂಡತಿಯ ಮೇಲೆ ಒಂದು ದಿನ ಕೈ ಮಾಡಿದವನಲ್ಲ. ಅವನಿಗೆ ಇರುವ ಚಟ ಒಂದೇ, ನನ್ನ ಹೆಂಡತಿ ಎಸ್ಸೆಸ್ಸೆಲ್ಸಿ ಪಾಸು ಅಂತ ಸಿಕ್ಕವರಿಗೆಲ್ಲ ಹೇಳುವುದು. ಗ್ಯಾಸ್ ತರುವವನಿಗೂ ಹೇಳಿದ್ದಾನಂತೆ.

ಇಷ್ಟು ವರ್ಷ ಹೇಗೋ ನಡೆದಿತ್ತು. ಸಹಾಯಕಿ ಕೆಲಸಕ್ಕೆ ಒಂಬತ್ತನೇ ಕ್ಲಾಸಿನ ಟಿಸಿ ಸಾಕಾಗಿತ್ತು, ಅದನ್ನೇ ಕೊಟ್ಟಿದ್ದಳು, ಸರ್ಕಾರಕ್ಕೆ ಸುಳ್ಳು ಹೇಳಿರಲಿಲ್ಲ. ಈಗ ಅದೇ ಅಂಗನವಾಡಿಯ ಟೀಚರ್ ಬರುವ ವರ್ಷ ರಿಟೈರಾಗುತ್ತಿದ್ದರು. ಸಹಾಯಕಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಆ ಜಾಗ ಮೊದಲು ಅವಳಿಗೇ ಅಂತ ಎಲ್ಲರೂ ಹೇಳುತ್ತಿದ್ದರು. ಕೇಳಿದ ದಿನವೇ ಗಂಗಾಧರ್, ಮಾರ್ಕ್ಸ್ ಕಾರ್ಡ್ ತಗೊಂಡು ಬಾ, ಅರ್ಜಿ ಹಾಕೋಣ ಅಂದ. ತವರಲ್ಲಿದೆ ಅಂದಳು. ಹೋಗಿ ತಾ ಅಂದ. ಅಟ್ಟದ ಮೇಲಿನ ಟ್ರಂಕಿನಲ್ಲಿದೆ, ಬೀಗದಕೈ ಕಳೆದುಹೋಗಿದೆ ಅಂದಳು. ಈ ಭಾನುವಾರ ನಾನೇ ಹೋಗಿ ಬೀಗ ಒಡೀತೀನಿ ಬಿಡು ಅಂದ. ಶನಿವಾರ ಅವಳಿಗೆ ನೂರಾ ಮೂರು ಜ್ವರ ಬಂತು. ಸುಳ್ಳು ಜ್ವರವಲ್ಲ, ಹೆದರಿ ಬಂದ ನಿಜವಾದ ಜ್ವರ. ಜ್ವರ ಬಿಟ್ಟ ಮಾರನೆಯ ದಿನ ನನ್ನ ಗೇಟಿನ ಹತ್ತಿರ ನಿಂತಿದ್ದಳು.

ನಾನು ಮೊದಲು ಬೈದೆ. ಗಂಡನಿಗೆ ಹೇಳಿಬಿಡು, ಒಂದು ದಿನ ಮುಖ ಊದಿಸಿಕೊಳ್ಳುತ್ತಾನೆ, ಎರಡನೇ ದಿನ ಊಟ ಮಾಡುತ್ತಾನೆ ಅಂದೆ. ಬೇರೆಯವರ ಮನೆಯ ವಿಷಯದಲ್ಲಿ ಧೈರ್ಯ ಹೇಳುವುದು ಸುಲಭ ನೋಡಿ. ಅವಳು ತಲೆ ಅಲ್ಲಾಡಿಸಿದಳು. ಪಾಸಾಗಿಬಿಟ್ಟರೆ ಹೇಳುವುದೇ ಬೇಡವಲ್ಲ ಮಿಸ್, ಕಾರ್ಡು ಕೈಗೆ ಬಂದರೆ ಸಾಕು ಅಂದಳು. ಅರ್ಜಿ ಕರೆಯುವುದಕ್ಕೆ ಇನ್ನೂ ತಿಂಗಳುಗಟ್ಟಲೆ ಇದೆಯಂತೆ, ಬೀಗ ಆಮೇಲೆ ಒಡೆದರಾಯಿತು ಅಂತ ಗಂಡನನ್ನು ತಡೆದಿದ್ದಳಂತೆ. ನಾನೂ ಒಪ್ಪಿಕೊಂಡೆ. ದಿನಾ ಅಂಗನವಾಡಿ ಮುಗಿಸಿ ನಾಲ್ಕೂಕಾಲಿಗೆ ಬರುವುದು, ಮಕ್ಕಳ ಬ್ಯಾಚು ಆರಕ್ಕೆ ಶುರುವಾಗುವಷ್ಟರಲ್ಲಿ ಹೋಗುವುದು. ಕೇಳಿದವರಿಗೆ ಮಿಸ್ ಮನೆಯಲ್ಲಿ ಪಾತ್ರೆ ಕೆಲಸ ಅಂತ ಹೇಳುವುದು. ಇದಕ್ಕೆ ಗಂಗಾಧರ್ ನನ್ನ ಮೇಲೆ ಮುನಿಸಿಕೊಂಡಿದ್ದ. ಎಸ್ಸೆಸ್ಸೆಲ್ಸಿ ಪಾಸಾದವಳ ಕೈಲಿ ಪಾತ್ರೆ ತೊಳೆಸುತ್ತಾರೆ, ಮೇಡಂಗೆ ಒಂದು ಮರ್ಯಾದೆ ಬೇಡವಾ ಅಂತ ಬೀದಿಯಲ್ಲಿ ಅಂದನಂತೆ.

ಅವಳಿಗೆ ಗ್ರಾಮರ್ ಬರುತ್ತಿತ್ತು, ಪದ್ಯ ಬಾಯಿಪಾಠ ಮಾಡುತ್ತಿದ್ದಳು. ಎಡವುತ್ತಿದ್ದುದು ಫ್ರೇಸಲ್ ವರ್ಬಿನಲ್ಲಿ. ಇಂಗ್ಲಿಷಿನವರು ಎರಡು ಪುಟ್ಟ ಪದ ಗಂಟು ಹಾಕಿ ಅದರೊಳಗೆ ಊರಿನ ಅರ್ಥವನ್ನೆಲ್ಲ ತುಂಬಿಟ್ಟಿದ್ದಾರೆ. ಬ್ರಿಂಗ್ ಅಂದರೆ ತಾ, ಅಪ್ ಅಂದರೆ ಮೇಲೆ. ಸೇರಿಸಿದರೆ ಮೇಲೆ ತಾ ಅಂತಾಗಬೇಕು. ಆಗುತ್ತದೆ. ಆದರೆ ಮಕ್ಕಳನ್ನು ಸಾಕು, ಬೆಳೆಸು ಅಂತಲೂ ಆಗುತ್ತದೆ. ಇದ್ದಕ್ಕಿದ್ದ ಹಾಗೆ ಒಂದು ವಿಷಯ ತೆಗೆ, ಮಾತೆತ್ತು ಅಂತಲೂ ಆಗುತ್ತದೆ. ತಿಂದದ್ದು ಕಕ್ಕು ಅಂತಲೂ ಆಗುತ್ತದೆ. ಒಂದೊಂದು ಅರ್ಥಕ್ಕೂ ಜೊತೆಯ ಪದ ಬೇರೆ: ಸಾಕುವುದಕ್ಕೆ ರಿಯರ್, ನರ್ಚರ್, ಮಾತೆತ್ತುವುದಕ್ಕೆ ಮೆನ್ಷನ್, ಬ್ರೋಚ್, ಕಕ್ಕುವುದಕ್ಕೆ ವಾಮಿಟ್. ಓಟದ ರೇಸಲ್ಲ, ಎ ಐ ಬರುವ ರೇಸ್ ಅನ್ನುವ ಒಂದು ಪದ ಮಾತ್ರ ಸಾಕುವುದಕ್ಕೂ ಆಗುತ್ತದೆ, ಮಾತೆತ್ತುವುದಕ್ಕೂ ಆಗುತ್ತದೆ. ಇದನ್ನು ಕೇಳಿ ಭಾನುಪ್ರಿಯಾ, ಅವರಿಗೆ ಬೇರೆ ಪದಕ್ಕೆ ಬರವಾ ಮಿಸ್ ಅಂತ ಕೇಳಿದಳು.

ನಮ್ಮದರಲ್ಲಿ ಏನು ಕಮ್ಮಿ ಅಂತ ಕೇಳಿದೆ. ಎತ್ತು ಅನ್ನುವುದನ್ನೇ ತಗೋ. ಕೊಡ ಎತ್ತು, ಮಗು ಎತ್ತು, ಕೈ ಎತ್ತು, ಮಾತು ಎತ್ತು. ಅವಳು, ಕೊಡವನ್ನಾದರೆ ಎತ್ತಬಹುದು ಮಿಸ್ ಅಂದಳು.

ಇದನ್ನೆಲ್ಲ ತಲೆಗೆ ಹತ್ತಿಸುವುದಕ್ಕೆ ನನ್ನದು ಒಂದೇ ದಾರಿ, ಮಗ್ಗಿ. ಎರಡೊಂದ್ಲೆ ಎರಡು ಅಂತ ಹೇಳುತ್ತೇವಲ್ಲ, ಅದೇ ಧಾಟಿಯಲ್ಲಿ, ಬೆಂಚು ಕುಟ್ಟಿಕೊಂಡು ಹೇಳಿಸುವುದು. "ಬ್ರಿಂಗ್ ಅಪ್ ಸಾಕು, ರಿಯರ್. ಬ್ರಿಂಗ್ ಅಪ್ ಮಾತೆತ್ತು, ಮೆನ್ಷನ್. ಬ್ರಿಂಗ್ ಅಪ್ ಕಕ್ಕು, ವಾಮಿಟ್." ಇನ್‌ಸ್ಪೆಕ್ಷನ್ನಿಗೆ ಬಂದವರು ಇದೇನು ಪದ್ಧತಿ ಮೇಡಂ ಅಂತ ಹುಬ್ಬು ಗಂಟಿಕ್ಕಿದ್ದುಂಟು. ನನ್ನ ಕ್ಲಾಸಿನಲ್ಲಿ ಪಾಸಾದವರನ್ನು ಎಣಿಸಿ ನೋಡಿ ಅಂತ ತಿರುಗಿ ಹೇಳಿದ್ದೂ ಉಂಟು. ಈ ಮಗ್ಗಿ ನನ್ನ ಮನೆಯಲ್ಲಿ ಬಿಟ್ಟರೆ ತುಮಕೂರಿನಲ್ಲಿ ಇನ್ನೆಲ್ಲೂ ಹೇಳಿಸುವುದಿಲ್ಲ.

ಎಡವಟ್ಟಾಗಿದ್ದು ಅಲ್ಲೇ. ಭಾನುಪ್ರಿಯಾ ನಡೆಯುವಾಗ, ಕೂರುವಾಗ, ಅನ್ನ ಬಸಿಯುವಾಗ ಗುನುಗುತ್ತಿದ್ದಳು. ಮಧ್ಯಾಹ್ನ ಅಂಗನವಾಡಿಯ ಮಕ್ಕಳನ್ನು ಸಾಲಾಗಿ ಮಲಗಿಸಿ ಬೆನ್ನು ತಟ್ಟುವಾಗಲೂ ಗುನುಗಿದಳು. ಮೂರು ವರ್ಷದ ಮಕ್ಕಳಿಗೆ ಏನು, ಕೇಳಿದ್ದನ್ನು ಹಿಡಿದುಕೊಳ್ಳುತ್ತವೆ. ಜನವರಿಯ ಒಂದು ದಿನ ಭೂಮಿಕಾ ಮನೆಯ ಬೀಗದಕೈ ಇಸಿದುಕೊಳ್ಳೋಣ ಅಂತ ಅಂಗನವಾಡಿಗೆ ಹೋದಾಗ ಹನ್ನೆರಡು ಮಕ್ಕಳು ಗೋಡೆಗೆ ಒರಗಿ ಕೂತು, ತಟ್ಟೆ ಕುಟ್ಟಿಕೊಂಡು, ಬ್ರಿಂಗ್ ಅಪ್ ಕಕ್ಕು, ಬ್ರಿಂಗ್ ಅಪ್ ಕಕ್ಕು ಅಂತ ಕೂಗುತ್ತಿದ್ದವಂತೆ.

ಆವತ್ತು ಸಂಜೆ ಬ್ಯಾಚು ಬಿಟ್ಟ ಮೇಲೆ ಭೂಮಿಕಾ ಹೋಗಲಿಲ್ಲ. ಬ್ಯಾಗು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಮಿಸ್, ನಮ್ಮಮ್ಮ ನಿಮ್ಮನೇಗೆ ಪಾತ್ರೆ ತೊಳೆಯಕ್ಕೇ ಬರೋದಾ?"

ಹುಡುಗಿ ಬುದ್ಧಿವಂತೆ, ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಹೇಳಿದೆ. ಅವಳು ಅಳಲಿಲ್ಲ, ಕೋಪ ಮಾಡಿಕೊಳ್ಳಲಿಲ್ಲ. ಅಪ್ಪನಿಗೆ ಗೊತ್ತಾದರೆ ಏನು ಮಾಡುತ್ತಾರೆ ಮಿಸ್ ಅಂತ ಕೇಳಿದಳು. ನೀನೇ ಹೇಳಮ್ಮ, ನಿಮ್ಮಪ್ಪ ಅಂದೆ. ಅವಳು ಯೋಚನೆ ಮಾಡಿ, ಗೊತ್ತಿಲ್ಲ ಮಿಸ್, ಅಪ್ಪನಿಗೆ ಕೋಪ ಬಂದಿದ್ದೇ ನಾನು ನೋಡಿಲ್ಲ ಅಂದಳು. ನೋಡದೇ ಇರುವ ಕೋಪದ ಬಗ್ಗೆ ಆ ಮನೆಯಲ್ಲಿ ಅವತ್ತಿನಿಂದ ಹೆದರುವವರು ಇಬ್ಬರಾದರು. ನನ್ನನ್ನೂ ಸೇರಿಸಿದರೆ ಮೂವರು. ಭೂಮಿಕಾ ತಾಯಿಯನ್ನು ಮಾತ್ರ ಏನೂ ಕೇಳಲಿಲ್ಲ, ತನ್ನ ನೋಟ್ಸು ಎರಡು ಸಲ ಬರೆದು ಒಂದನ್ನು ಅಡುಗೆಮನೆಯ ಡಬ್ಬದ ಹಿಂದೆ ಇಡುವುದಕ್ಕೆ ಶುರು ಮಾಡಿದಳು. ಭಾನುಪ್ರಿಯಾ ಅದನ್ನು ಓದಿ ವಾಪಸ್ಸು ಅಲ್ಲೇ ಇಡುತ್ತಿದ್ದಳು. ಇಬ್ಬರೂ ಮಾತೆತ್ತಲಿಲ್ಲ.

ಅದಕ್ಕಿಂತ ಮೊದಲೇ ನಡೆದ ಒಂದು ವಿಷಯ ಹೇಳಬೇಕು, ಯಾಕೆಂದರೆ ಅದರಲ್ಲಿ ನನ್ನ ತಪ್ಪೂ ಇದೆ. ಅರ್ಜಿ ತುಂಬುವುದಕ್ಕೆ ಅವಳು ಓದಿದ ಸ್ಕೂಲಿಗೇ ಹೋಗಬೇಕಿತ್ತು. ನವೆಂಬರಿನಲ್ಲಿ ಇಬ್ಬರೂ ಬಸ್ಸು ಹತ್ತಿ ಕುಣಿಗಲ್ಲಿನಲ್ಲಿ ಇಳಿದು, ಅಲ್ಲಿಂದ ಪ್ರೈವೇಟ್ ಬಸ್ಸಿನಲ್ಲಿ ಅಮೃತೂರಿಗೆ ಹೋದೆವು. ತಂದೆಯ ಕಣ್ಣಿಗೆ ಬೀಳಬಾರದು ಅಂತ ದಾರಿಯುದ್ದಕ್ಕೂ ಸೆರಗು ತಲೆಗೆ ಎಳೆದುಕೊಂಡಿದ್ದಳು. ಸ್ಕೂಲಿನ ಗುಮಾಸ್ತೆಯ ಜೊತೆ ಹಳೇ ರಿಜಿಸ್ಟರ್ ನಂಬರ್ ವಿಚಾರಕ್ಕೆ ನಾನು ಜಗಳಕ್ಕೆ ನಿಂತಿದ್ದೆ. ಅತ್ತ ಇನ್ನೊಬ್ಬಾಕೆ ಕಂಪ್ಯೂಟರಿನ ಮುಂದೆ ಕೂತು ಹೆಸರು, ಜನ್ಮದಿನ, ಮೊಬೈಲ್ ನಂಬರ್ ಕೇಳುತ್ತಿದ್ದಳು. ಭಾನುಪ್ರಿಯಾ ಗಡಗಡ ಹೇಳಿಬಿಟ್ಟಳು. ರೇಷನ್ ಕಾರ್ಡಿಗೆ, ಗ್ಯಾಸಿಗೆ, ಬ್ಯಾಂಕಿಗೆ, ಮಗಳ ಸ್ಕೂಲಿಗೆ, ಎಲ್ಲದಕ್ಕೂ ಇಪ್ಪತ್ತು ವರ್ಷದಿಂದ ಕೊಟ್ಟಿರುವ ನಂಬರು. ಅವಳ ಬಾಯಿಗೆ ಬರುತ್ತಿದ್ದ ನಂಬರು ಅದೊಂದೇ.

ಅದು ಗಂಗಾಧರನ ನಂಬರು.

ನಮಗೆ ಅದು ಹೊಳೆಯಲೇ ಇಲ್ಲ. ಪರೀಕ್ಷೆ ಮಾರ್ಚಿನಲ್ಲಿ ಬಂತು. ತಾಯಿ ಮಗಳಿಗೆ ಒಂದೇ ದಿನ ಇಂಗ್ಲಿಷು, ಮಗಳಿಗೆ ತುಮಕೂರಿನಲ್ಲಿ, ತಾಯಿಗೆ ಕುಣಿಗಲ್ಲಿನಲ್ಲಿ. ನಮ್ಮ ತಂಗಿಯ ಮನೆಗೆ ಹೋಗಬೇಕು, ಒಬ್ಬಳೇ ಹೋಗಲಾರೆ, ಜೊತೆಗೆ ಭಾನುವನ್ನು ಕಳಿಸು ಅಂತ ನಾನು ಗಂಗಾಧರನಿಗೆ ಹೇಳಿದೆ. ಮಗಳ ಪರೀಕ್ಷೆಯ ದಿನವೇ ಆಗಬೇಕಾ ಮೇಡಂ ಅಂತ ಅವನು ಕೇಳಿದ್ದು ನ್ಯಾಯವಾಗಿತ್ತು. ಭೂಮಿಕಾನೇ ಅಡ್ಡ ಬಂದಳು, ಅಮ್ಮ ಹೋಗಲಿ ಬಿಡಪ್ಪ, ನೀನಿರ್ತೀಯಲ್ಲ ಅಂದಳು. ಬೆಳಿಗ್ಗೆ ಗಂಗಾಧರನೇ ಮಗಳ ಬಾಯಿಗೆ ಮೊಸರು ಸಕ್ಕರೆ ಹಾಕಿದನಂತೆ. ಭೂಮಿಕಾ ತನ್ನ ಚಮಚೆಯಲ್ಲಿ ಉಳಿದದ್ದನ್ನು ತಾಯಿಯ ಬಾಯಿಗೆ ಹಾಕಿದಳಂತೆ. ಡಬ್ಬದ ಹಿಂದಿನ ನೋಟ್ಸಿನಿಂದ ಭಾನುಪ್ರಿಯಾಳಿಗೆ ಇದ್ದ ಅನುಮಾನ ಆಗ ಖಾತ್ರಿಯಾಯಿತು, ಮಗಳಿಗೆ ಗೊತ್ತು ಅಂತ.

ಬಸ್ಸಿನಲ್ಲಿ ಅವಳು ಬಾಯೊಳಗೇ ಮಗ್ಗಿ ಹೇಳಿಕೊಳ್ಳುತ್ತಿದ್ದಳು. ಕುಣಿಗಲ್ಲಿನ ಆ ಸ್ಕೂಲಿನ ಗೇಟಿನಲ್ಲಿ ಪೊಲೀಸಿನವರು, ಒಳಗೆ ರೂಮು ರೂಮಿಗೂ ಕ್ಯಾಮೆರಾ. ಮಕ್ಕಳೆಲ್ಲ ಯೂನಿಫಾರ್ಮಿನಲ್ಲಿದ್ದರು. ನಲವತ್ತು ವರ್ಷದ ಹೆಂಗಸು ಸೀರೆ ಉಟ್ಟು ಹಾಲ್ ಟಿಕೆಟ್ ಹಿಡಿದು ಹೋದರೆ, ನೀವು ಯಾರ ಕಡೆಯವರು, ಪೋಷಕರು ಹೊರಗೆ ನಿಲ್ಲಿ ಅಂದರು. ನಾನು ಮುಂದೆ ಹೋಗಿ ಜೋರು ಮಾಡಿದ ಮೇಲೆ ಬಿಟ್ಟರು. ಅವಳು ಎರಡು ಹೆಜ್ಜೆ ಇಟ್ಟವಳು ತಿರುಗಿ, ಕಾಂಪೌಂಡಿನ ಮೂಲೆಗೆ ಓಡಿ ಬೆಳಿಗ್ಗೆಯ ಮೊಸರು ಸಕ್ಕರೆಯನ್ನೆಲ್ಲ ಕಕ್ಕಿಬಿಟ್ಟಳು. ನಾನು ನೀರು ಕೊಟ್ಟು ಬೆನ್ನು ಸವರಿದೆ.

ಮೂರು ಗಂಟೆ ಹೊರಗೆ ಹೊಂಗೆಮರದ ಕೆಳಗೆ ಕೂತಿದ್ದೆ. ನನ್ನ ಸರ್ವೀಸಿನಲ್ಲಿ ಸಾವಿರಾರು ಮಕ್ಕಳನ್ನು ಪರೀಕ್ಷೆಗೆ ಕಳಿಸಿದ್ದೇನೆ, ಯಾರಿಗೂ ಹೀಗೆ ಗೇಟು ಕಾದವಳಲ್ಲ. ಹೊರಗೆ ಬಂದವಳು ಪ್ರಶ್ನೆಪತ್ರಿಕೆ ಕೊಟ್ಟಳು. ಫ್ರೇಸಲ್ ವರ್ಬ್ ಬಂದಿತ್ತು, ಸ್ವಂತ ವಾಕ್ಯ ಬರೆಯಿರಿ ಅಂತ. ಏನು ಬರೆದೆ ಅಂತ ಕೇಳಿದೆ. ನನ್ನ ಮಗಳನ್ನು ಸಾಕಿದೆ ಅಂತ ಒಂದು ಬರೆದಳಂತೆ. ಗಂಡನ ಮುಂದೆ ಆ ಮಾತು ಎತ್ತಲಿಲ್ಲ ಅಂತ ಇನ್ನೊಂದು. ಪೇಪರ್ ನೋಡುವವರು ಓದಿ ಯಾರಿಗಾದರೂ ಹೇಳಿಬಿಟ್ಟರೆ ಏನು ಮಾಡಲಿ ಮಿಸ್ ಅಂತ ತುಮಕೂರು ಬರುವ ತನಕ ಕೇಳುತ್ತಲೇ ಇದ್ದಳು. ಅಲ್ಲಿ ಯಾರಿಗೂ ಯಾರ ಹೆಸರೂ ಗೊತ್ತಿರುವುದಿಲ್ಲ ಅಂತ ನಾನು ಹತ್ತು ಸಲ ಹೇಳಿರಬೇಕು.

ಏಪ್ರಿಲ್ ಕೊನೆಯಲ್ಲಿ ಭೂಮಿಕಾ ಒಂದು ಮಧ್ಯಾಹ್ನ ಓಡಿಕೊಂಡು ಬಂದಳು. ಈ ಸಲ ರಿಸಲ್ಟು ಅರ್ಜಿಯಲ್ಲಿ ಕೊಟ್ಟ ನಂಬರಿಗೇ ಮೆಸೇಜು ಬರುತ್ತಂತೆ ಮಿಸ್, ನಂದು ಅಪ್ಪನ ಫೋನಿಗೆ ಬರುತ್ತೆ, ಅಮ್ಮಂದು ಯಾರ ನಂಬರು ಕೊಟ್ಟಿದೀರಾ ಅಂತ ಕೇಳಿದಳು. ಭಾನುಪ್ರಿಯಾ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ರಕ್ತ ಇರಲಿಲ್ಲ. ಹೇಳುವುದೇ ಬೇಕಾಗಲಿಲ್ಲ.

ಬದಲಾಯಿಸುವುದಕ್ಕೆ ಆಗುತ್ತದಾ ಅಂತ ಅಮೃತೂರಿನ ಸ್ಕೂಲಿಗೆ ಫೋನು ಮಾಡಿದೆ. ಈಗ ಆಗೋದಿಲ್ಲ ಮೇಡಂ, ಎಲ್ಲ ಕ್ಲೋಸ್ ಆಯ್ತು ಅಂದರು. ಆ ಹತ್ತು ದಿನ ಅವರ ಮನೆಯಲ್ಲಿ ಫೋನು ಟಿಣ್ ಅಂದಾಗಲೆಲ್ಲ ಇಬ್ಬರ ಜೀವ ಬಾಯಿಗೆ ಬರುತ್ತಿತ್ತು. ಸಾಲ ಬೇಕೇ ಅಂತ ಕೇಳುವ ಮೆಸೇಜು, ಕರೆನ್ಸಿ ಮುಗಿಯಿತು ಅನ್ನುವ ಮೆಸೇಜು, ಎಲ್ಲದಕ್ಕೂ ತಾಯಿ ಮಗಳು ಮುಖ ಮುಖ ನೋಡುತ್ತಿದ್ದರಂತೆ. ಆ ದಿನ ಬೆಳಿಗ್ಗೆ ಅಪ್ಪನ ಫೋನನ್ನು ತಾನು ಇಟ್ಟುಕೊಂಡು ಒಂದು ಮೆಸೇಜು ಅಳಿಸಿಬಿಡುತ್ತೇನೆ ಅಂತ ಭೂಮಿಕಾ ಯೋಜನೆ ಹಾಕಿದಳು. ನನಗೂ ಅದೇ ಸರಿ ಕಂಡಿತು. ಮೂವತ್ತೊಂದು ವರ್ಷ ಕಾಪಿ ಹೊಡೆಯುವವರನ್ನು ಹಿಡಿದವಳು, ಕೊನೆಗೆ ಹುಡುಗಿಗೆ ಅಪ್ಪನ ಫೋನು ಕದಿಯುವುದಕ್ಕೆ ಹೇಳಿಕೊಟ್ಟೆ.

ನಡೆದದ್ದೇ ಬೇರೆ. ರಿಸಲ್ಟಿನ ದಿನ ಗಂಗಾಧರ್ ಕೆಲಸಕ್ಕೆ ರಜ ಹಾಕಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಫೋನನ್ನು ಜೇಬಿನಲ್ಲಿ ಇಟ್ಟುಕೊಂಡ. ಯಾರು ಕೇಳಿದರೂ ಕೊಡಲಿಲ್ಲ, ಚಾರ್ಜು ಮುಗಿದುಹೋಗುತ್ತೆ ಅಂದ. ಹೇಳಿಕೊಟ್ಟ ಮಿಸ್ ಮನೆಯಲ್ಲೇ ನೋಡೋಣ ಅಂತ ಹೆಂಡತಿ ಮಗಳನ್ನು ಕರೆದುಕೊಂಡು, ಒಂದು ಕೇಜಿ ಮೈಸೂರು ಪಾಕಿನ ಡಬ್ಬ ಹಿಡಿದುಕೊಂಡು ಹತ್ತೂವರೆಗೆ ನಮ್ಮ ಮನೆಗೆ ಬಂದುಬಿಟ್ಟ. ಪಡಸಾಲೆಯ ಕುರ್ಚಿಯಲ್ಲಿ ಅವನು, ಎದುರಿಗೆ ನಾನು. ಭೂಮಿಕಾ ಗೋಡೆಗೆ ಒರಗಿದ್ದಳು. ಭಾನುಪ್ರಿಯಾ ಅಡುಗೆಮನೆಯ ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದಳು. ಕಾಫಿ ಮಾಡುತ್ತೇನೆ ಅಂದವಳು ಎದ್ದೇ ಇರಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಫೋನು ಟಿಣ್ ಅಂದಿತು.

ಗಂಗಾಧರ್ ತೆಗೆದು ದೂರ ಹಿಡಿದು ನೋಡಿದ. ಹುಬ್ಬು ಗಂಟಿಕ್ಕಿದ. ಇದರಲ್ಲಿ ಒಂದೇ ಸಬ್ಜೆಕ್ಟ್ ಇದೆಯಲ್ಲ, ಮಿಕ್ಕಿದ್ದೆಲ್ಲ ಎಲ್ಲಿ ಹೋಯಿತು ಅಂದ. ಭೂಮಿಕಾ ನೋಡ್ತೀನಿ ಕೊಡಪ್ಪ ಅಂತ ಕೈ ಚಾಚಿದಳು. ನೀನು ಗಾಬರೀಲಿದೀಯ ಸುಮ್ನಿರು ಅಂದು ಅವನು ಫೋನನ್ನು ನನಗೆ ಕೊಟ್ಟ. "ಕನ್ನಡಕ ತಂದಿಲ್ಲ ಮೇಡಂ. ನೀವೇ ಓದಿ, ಯಾರ್ ಹೆಸ್ರೈತೆ ನೋಡಿ."

ಹೆಸರು ಇತ್ತು. ಭಾನುಪ್ರಿಯಾ ಸಿ. ಕೆಳಗಿನ ಸಾಲು ಓದುವ ಧೈರ್ಯ ನನಗೆ ಬರಲಿಲ್ಲ, ಫೋನನ್ನು ಮಗುಚಿ ತೊಡೆಯ ಮೇಲೆ ಇಟ್ಟುಕೊಂಡೆ. ಯಾವುದೋ ತಪ್ಪು ಮೆಸೇಜು ಅಂದರೆ ಮುಗಿಯುತ್ತಿತ್ತು. ಹೇಳುವುದಕ್ಕೆ ಬಾಯಿ ತೆರೆದೇ ಇದ್ದೆ.

"ಅದು ನಂದು ಕಣ್ರೀ," ಅಂದಳು ಭಾನುಪ್ರಿಯಾ.

ಚೌಕಟ್ಟು ಬಿಟ್ಟಿರಲಿಲ್ಲ. ಆದರೆ ಹೇಳಿದಳು. ಚಪ್ಪರದ ದಿನ, ಹುಲ್ಲಿನ ಮೆದೆ, ಇಪ್ಪತ್ತೊಂಬತ್ತು ಮಾರ್ಕ್ಸು, ಟ್ರಂಕೂ ಇಲ್ಲ ಬೀಗವೂ ಇಲ್ಲ ಅನ್ನುವುದು, ಪಾತ್ರೆ ತೊಳೆಯುವುದಕ್ಕೆ ಬರುತ್ತಿರಲಿಲ್ಲ ಅನ್ನುವುದು, ಕುಣಿಗಲ್ಲು. ಒಂದೂ ಬಿಡಲಿಲ್ಲ. ಗಂಗಾಧರ್ ಡಬ್ಬಕ್ಕೆ ಸುತ್ತಿದ್ದ ದಾರವನ್ನು ಬಿಚ್ಚುತ್ತಿದ್ದ, ಮತ್ತೆ ಸುತ್ತುತ್ತಿದ್ದ. ಅವಳು ನಿಲ್ಲಿಸಿದ ಮೇಲೆ ಡಬ್ಬವನ್ನು ಕೆಳಗಿಟ್ಟ.

"ಇಪ್ಪತ್ತೆರಡು ವರ್ಷ ನನ್ ಜೊತೇಲಿ ಹೆದ್ರಿಕೊಂಡೇ ಇದ್ಯಾ?" ಅಂತ ಕೇಳಿದ. "ನಾನು ಅಂಥಾ ಕೆಟ್ಟೋನಾ ಭಾನು?"

"ಕೆಟ್ಟೋರಾಗಿದ್ರೆ ಯಾವತ್ತೋ ಹೇಳಿರ್ತಿದ್ದೆ."

ಅವನಿಗೆ ಅದು ತಾಗಿತು. ಮುಖ ತಿರುಗಿಸಿಕೊಂಡು ಕಿಟಕಿಯ ಆಚೆ ನೋಡುತ್ತಾ ಕೂತ. ಆಮೇಲೆ ನನ್ನ ಕಡೆ ನೋಡಿ, ಪಾಸಾ ಫೇಲಾ ಮೇಡಂ, ಅದನ್ನಾದರೂ ಹೇಳಿ ಅಂದ. ಫೋನು ತಿರುಗಿಸಿ ಓದಿದೆ. ಮೂವತ್ತೊಂಬತ್ತು, ಪಾಸು. ಇಪ್ಪತ್ತೆರಡು ವರ್ಷಕ್ಕೆ ಹತ್ತು ಮಾರ್ಕ್ಸು ಜಾಸ್ತಿ. ಯಾರೂ ಕುಣಿಯಲಿಲ್ಲ. ಭಾನುಪ್ರಿಯಾ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಭೂಮಿಕಾ ಹೋಗಿ ಪಕ್ಕದಲ್ಲಿ ಕೂತಳು.

ಗಂಗಾಧರ್ ಎದ್ದು ಹೊರಗೆ ಹೋದ. ಸ್ಕೂಟರಿನ ಸ್ಟ್ಯಾಂಡು ತೆಗೆದ ಸದ್ದು ಕೇಳಿತು. ಹೊರಟೇಹೋದ ಅಂದುಕೊಂಡೆ. ಅವನು ಹೋಗಲಿಲ್ಲ. ಗೇಟಿನಿಂದ ವಾಪಸ್ಸು ಬಂದು ಬಾಗಿಲಲ್ಲಿ ನಿಂತು, "ಮಾವ ಹಬ್ಬಕ್ಕೊಂದ್ಸಲ ತೆಂಗಿನ್ಕಾಯಿ ಮೂಟೆ ಕಳಿಸ್ತಿದ್ದಿದ್ದು ಇದಕ್ಕಾ?" ಅಂತ ಹೆಂಡತಿಯನ್ನು ಕೇಳಿದ. "ನಾನು ಹೋದಾಗ್ಲೆಲ್ಲ ಆವಯ್ಯ ಎದ್ದು ನಿಂತ್ಕೊಂಡೇ ಇರೋದು. ಅಳಿಯ ಅಂತ ಮರ್ವಾದೆ ಕೊಡ್ತಾವ್ರೆ ಅಂದ್ಕೊಂಡಿದ್ದೆ." ಅವಳು ತಲೆ ತಗ್ಗಿಸಿದಳು. ಅವನು ಕಣ್ಣು ಒರೆಸಿಕೊಂಡು, ಏಳು, ಗಾಡಿ ಹತ್ತು, ಅಮೃತೂರಿಗೆ ಹೋಗಿ ಆವಯ್ಯನಿಗೆ ಹೇಳಿ ಬರೋಣ, ಇನ್ನಾದರೂ ಕೂತುಕೊಳ್ಳಲಿ ಅಂದ. ಮಗಳ ರಿಸಲ್ಟ್ ನೋಡದೆ, ಮೈಸೂರು ಪಾಕಿನ ಡಬ್ಬ ತೆರೆಯದೆ, ಗಂಡ ಹೆಂಡತಿ ಹೊರಟುಬಿಟ್ಟರು. ಅವಳು ಹಿಂದೆ ಕೂತು ಎರಡು ಕೈಯಲ್ಲೂ ಅವನ ಶರ್ಟು ಹಿಡಿದುಕೊಂಡಿದ್ದಳು.

ಫೋನು ನನ್ನ ತೊಡೆಯ ಮೇಲೇ ಇತ್ತು. ಹತ್ತು ನಿಮಿಷಕ್ಕೆ ಭೂಮಿಕಾಳ ಮೆಸೇಜೂ ಬಂತು, ಐನೂರ ಎಪ್ಪತ್ತೊಂದು. ಅವಳು ಅದನ್ನು ಓದಿ, ಸರಿ ಮಿಸ್ ಅಂದು, ಆಮೇಲೆ ಅತ್ತಳು. ಡಬ್ಬ ತೆರೆದು ಅವಳ ಬಾಯಿಗೆ ಒಂದು ತುಂಡು ಹಾಕುತ್ತಿದ್ದೆ, ಆಗ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಮಾವ ಅಂತ ಬರುತ್ತಿತ್ತು. ಎತ್ತಿದೆ.

ಮೊಮ್ಮಗಳ ರಿಸಲ್ಟ್ ಕೇಳುವುದಕ್ಕೆ ಮಾಡಿದ್ದರು ಚೌಡಪ್ಪನವರು. ನಾನು ಯಾರು ಅಂತ ಹೇಳಿ, ಮಗು ಚೆನ್ನಾಗಿ ಪಾಸಾಗಿದೆ ಅಂದೆ. ನಿಮ್ಮ ಮಗಳು ಅಳಿಯ ಈಗ ನಿಮ್ಮ ಮನೆಗೇ ಬರುತ್ತಿದ್ದಾರೆ ಅಂತಲೂ ಹೇಳಿದೆ.

"ಯಾಕವ್ವ? ಅಳಿಯಂದ್ರು ಏನಾರ ಮಾತೆತ್ತುದ್ರಾ?"

ಅವರಲ್ಲ, ನಿಮ್ಮ ಮಗಳೇ ಎತ್ತಿದಳು, ಎಲ್ಲಾ ಹೇಳಿದಳು ಅಂದೆ. ದೂರದಲ್ಲಿ ಎಲ್ಲೋ ಕರು ಕೂಗುತ್ತಿತ್ತು. ಆಮೇಲೆ ಮುದುಕ ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ಹೊಡುದ್ನಾ?"

ಇಲ್ಲ ಅಂದೆ. ಅದನ್ನು ಎರಡು ಸಲ ಹೇಳಬೇಕಾಯಿತು.